ಅಡುಗೆಮನೆಯೂ ಹೃದಯವೂ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆಯ ಎರಡನೆಯ ಭಾಗದ ಸತ್ಯವನ್ನು ನಾವು ದಿನದಿನವೂ ಕಣ್ಣಾರೆ ಕಾಣುತ್ತೇವೆ. ಮೊದಲನೆಯ ಭಾಗವೋ ಅಷ್ಟು ಸುಲಭವಾಗಿ ಕೈಗೆಟಕುವಂಥದಲ್ಲ. ಊಟವನ್ನು ಬಲ್ಲವನಾಗುವುದೆಂದರೆ ಏನು? ರುಚಿಯನ್ನು ಬಲ್ಲವನಾಗುವುದೆ? ಪಥ್ಯವನ್ನು ಬಲ್ಲವನಾಗುವುದೆ? ಅಥವಾ ತಾನು ಉಂಡದ್ದು ಒಡಲೊಳಗೆ ಹೋಗಿ ಏನಾಗುತ್ತದೆ ಎಂಬುದನ್ನು ತಿಳಿದವನಾಗುವುದೆ? ಈ ಪ್ರಶ್ನೆಯನ್ನು ನಾನು ತಡವಾಗಿ ಕೇಳಿಕೊಂಡೆ. ತಡವಾದುದರ ಕಾರಣವನ್ನೂ ಇಲ್ಲಿ ಹೇಳಬೇಕಾಗಿದೆ.

ಬೆಂಗಳೂರಿನ ಪೂರ್ವಭಾಗದಲ್ಲಿರುವ ಹೊಸ ತಿಪ್ಪಸಂದ್ರದಲ್ಲಿ ನನ್ನ ಮನೆ. ಇದರ ಸಮೀಪದಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. ಕಾಲಕ್ರಮದಲ್ಲಿ ಸುತ್ತಲಿನ ಹಳ್ಳಿಗಳ ಹೊಲಗದ್ದೆಗಳು ಬಡಾವಣೆಗಳಾದವು. ನಾನಾ ಕಡೆಗಳಿಂದ ಬಂದ ಜನ ಇಲ್ಲಿ ನೆಲೆಸಿದರು. ಇಲ್ಲಿಯ ಮಾರುಕಟ್ಟೆಯ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದರೆ ಒಂದು ದೇಶದ ಅಡುಗೆಮನೆಯೇ ಕಣ್ಣೆದುರಿಗೆ ಬಿಚ್ಚಿಕೊಳ್ಳುತ್ತದೆ. ಒಂದು ಕಡೆ ಮೆಂತ್ಯದ ಸೊಪ್ಪಿನ ಕಟ್ಟುಗಳು, ಇನ್ನೊಂದು ಕಡೆ ಬೆಂಡೆ, ಬದನೆ, ಅವರೆ. ದಿನಸಿ ಅಂಗಡಿಯ ಚೀಲಗಳಲ್ಲಿ ಹುರುಳಿ, ಕಡಲೆ, ಬೆಳ್ಳುಳ್ಳಿ, ಅರಿಶಿನದ ಕೊನೆ. ಅದೇ ಹೊತ್ತಿಗೆ ಉದ್ಯಾನದಲ್ಲಿ ಕಾಲಾಡಿಸಿ ಬರುವ ಹಿರಿಯರ ಗುಂಪುಗಳೂ ಎದುರಾಗುತ್ತವೆ. ಅವರ ಮಾತಿನಲ್ಲಿ ರಾಜಕೀಯಕ್ಕಿಂತಲೂ ಹೆಚ್ಚಾಗಿ ಕಿವಿಗೆ ಬೀಳುವ ಶಬ್ದವೊಂದುಂಟು: ಕೊಲೆಸ್ಟರಾಲ್. ‘ನೆನೆಸಿದ ಮೆಂತ್ಯ ತಿನ್ನಿ, ಇಳಿಯುತ್ತದೆ’, ‘ಹಸಿಯ ಬೆಳ್ಳುಳ್ಳಿ ಎರಡೆಸಳು ನುಂಗಿ’, ‘ಅರಿಶಿನ ಹಾಕಿದ ಹಾಲು ಕುಡಿಯಿರಿ’ – ಹೀಗೆ ಉಪದೇಶಗಳು ಒಬ್ಬರಿಂದೊಬ್ಬರಿಗೆ ಧಾರಾಳವಾಗಿ ಹರಿದಾಡುತ್ತವೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹಿರಿಯರೊಬ್ಬರ ರಕ್ತವನ್ನು ಪರೀಕ್ಷಿಸಿದಾಗ ಕೊಲೆಸ್ಟರಾಲ್ 280 ಎಂದು ಬಂದಿತು. ವೈದ್ಯರು ದಿನಕ್ಕೊಂದು ಮಾತ್ರೆಯನ್ನು ಬರೆದುಕೊಟ್ಟರು. ಮೂರು ತಿಂಗಳಲ್ಲಿ ಅದು 190ಕ್ಕೆ ಇಳಿಯಿತು. ‘ಇಳಿದ ಮೇಲೆ ಮಾತ್ರೆ ಏಕೆ? ಇನ್ನು ಮೆಂತ್ಯದ ನೀರೇ ಸಾಕು’ ಎಂದು ಅವರು ಮಾತ್ರೆಯನ್ನು ನಿಲ್ಲಿಸಿದರು. ಅವರಿಗೆ ಹಾಗೆ ಹೇಳಿದ ನಾಲ್ಕಾರು ಮಂದಿಯಲ್ಲಿ ನಾನೂ ಒಬ್ಬ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಮಾತೆಂದು ಅವರು ನನ್ನ ಮಾತಿಗೆ ಹೆಚ್ಚಿನ ಬೆಲೆ ಕೊಟ್ಟಿರಲೂಬಹುದು. ಮುಂದೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ನಾನು ಅಂದು ಆಡಿದ ಮಾತಿನಲ್ಲಿ ಎಷ್ಟು ನಿಜವಿತ್ತು, ಎಷ್ಟು ಇರಲಿಲ್ಲ ಎಂಬುದನ್ನು ಮೊದಲು ನೋಡೋಣ.

ಕೊಲೆಸ್ಟರಾಲ್ ಎಂಬ ಹೆಸರೇ ನಮಗೆ ವೈರಿಯ ಹೆಸರಿನಂತೆ ಕೇಳಿಸುತ್ತದೆ. ವಾಸ್ತವವಾಗಿ ಅದು ನಮ್ಮ ದೇಹವೇ ತಯಾರಿಸಿಕೊಳ್ಳುವ, ಮೇಣದಂತಹ ಒಂದು ವಸ್ತು. ಹದಿನೆಂಟನೆಯ ಶತಮಾನದಲ್ಲಿ ಪಿತ್ತಕೋಶದ ಕಲ್ಲುಗಳಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರೊಲ್ ಅದಕ್ಕೆ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಖೋಲೆ’ ಎಂದರೆ ಪಿತ್ತ, ‘ಸ್ಟೆರಿಯೋಸ್’ ಎಂದರೆ ಘನವಾದುದು. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊದಿಕೆಗೂ ಇದು ಬೇಕು. ಆಹಾರದ ಕೊಬ್ಬನ್ನು ಅರಗಿಸುವ ಪಿತ್ತರಸದ ಆಮ್ಲಗಳು ಇದರಿಂದ ಆಗುತ್ತವೆ. ಹಲವು ಹಾರ್ಮೋನುಗಳಿಗೂ, ಬಿಸಿಲಿನಲ್ಲಿ ನಮ್ಮ ಚರ್ಮ ತಯಾರಿಸುವ ‘ಡಿ’ ಜೀವಸತ್ತ್ವಕ್ಕೂ ಇದೇ ಮೂಲ. ನಮಗೆ ಬೇಕಾದ ಕೊಲೆಸ್ಟರಾಲಿನ ಬಹುಪಾಲನ್ನು ಪಿತ್ತಜನಕಾಂಗ ಮತ್ತು ಇತರ ಅಂಗಗಳು ತಾವೇ ಮಾಡಿಕೊಳ್ಳುತ್ತವೆ. ಆಹಾರದಿಂದ ಬರುವುದು ಉಳಿದ ಸ್ವಲ್ಪ ಭಾಗ ಮಾತ್ರ.

ಹಾಗಾದರೆ ಕೇಡು ಎಲ್ಲಿಂದ ಬಂದಿತು? ಕೊಲೆಸ್ಟರಾಲ್ ನೀರಿನಲ್ಲಿ ಕರಗದು. ರಕ್ತವೋ ಬಹುಮಟ್ಟಿಗೆ ನೀರು. ಆದಕಾರಣ ದೇಹವು ಅದನ್ನು ಪ್ರೋಟೀನಿನ ಪೊಟ್ಟಣಗಳಲ್ಲಿ ಕಟ್ಟಿ ರಕ್ತದಲ್ಲಿ ಸಾಗಿಸುತ್ತದೆ. ಎಲ್‌ಡಿಎಲ್ ಎಂಬ ಪೊಟ್ಟಣಗಳು ಕೊಲೆಸ್ಟರಾಲನ್ನು ದೇಹದ ಭಾಗಗಳಿಗೆ ಒಯ್ಯುತ್ತವೆ. ಎಚ್‌ಡಿಎಲ್ ಎಂಬುವು ಉಳಿಕೆಯನ್ನು ಪಿತ್ತಜನಕಾಂಗಕ್ಕೆ ಹಿಂದಿರುಗಿಸುವ ಕೆಲಸದಲ್ಲಿ ನೆರವಾಗುತ್ತವೆ. ಎಲ್‌ಡಿಎಲ್ ಮಿತಿಮೀರಿದರೆ ಅದು ಅಪಧಮನಿಗಳ ಒಳಗೋಡೆಯನ್ನು ಹೊಕ್ಕು, ಅಲ್ಲಿ ಸಂಚಯವಾಗಿ, ವರ್ಷಗಳು ಕಳೆದಂತೆ ಗಡ್ಡೆಕಟ್ಟುತ್ತದೆ. ಹಳೆಯ ನಲ್ಲಿಕೊಳವೆಯೊಳಗೆ ಗಾರು ಕಟ್ಟಿ ನೀರಿನ ದಾರಿ ಕಿರಿದಾಗುವಂತೆ ರಕ್ತದ ದಾರಿಯೂ ಕಿರಿದಾಗುತ್ತದೆ. ಒಂದು ದಿನ ಆ ಗಡ್ಡೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚಿಹೋಗುತ್ತದೆ. ಹೃದಯದ ರಕ್ತನಾಳದಲ್ಲಿ ಹಾಗಾದರೆ ಅದೇ ಹೃದಯಾಘಾತ. ರಷ್ಯದ ಅನಿಚ್ಕೋವ್ ಎಂಬ ವಿಜ್ಞಾನಿ 1913ರಲ್ಲಿ ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ, ಅವುಗಳ ಅಪಧಮನಿಗಳಲ್ಲಿ ಇಂಥ ಸಂಚಯವಾಗುವುದನ್ನು ತೋರಿಸಿದನು. ಸಾಮಾನ್ಯವಾಗಿ 100 ಮಿಲಿಲೀಟರ್ ರಕ್ತದಲ್ಲಿ ಒಟ್ಟು ಕೊಲೆಸ್ಟರಾಲ್ 200 ಮಿಲಿಗ್ರಾಮಿಗಿಂತ ಕಡಿಮೆಯಿರುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ಇನ್ನೊಂದು ಸಂಗತಿಯನ್ನು ಮರೆಯಬಾರದು. ಹಲ್ಲುನೋವು ಕೂಗಿ ಹೇಳುತ್ತದೆ, ಜ್ವರ ಮೈಸುಟ್ಟು ಹೇಳುತ್ತದೆ; ಕೊಲೆಸ್ಟರಾಲ್ ಮಾತ್ರ ಹೆಚ್ಚಿದರೂ ನೋಯಿಸದು, ಇಳಿದರೂ ಹಿತವೆನ್ನಿಸದು. ಅದನ್ನು ಅಳೆದೇ ತಿಳಿಯಬೇಕು.

ಇನ್ನು ಸಸ್ಯಗಳ ವಿಚಾರ. ಸಸ್ಯಜನ್ಯ ಆಹಾರದಲ್ಲಿ ಕೊಲೆಸ್ಟರಾಲ್ ಇಲ್ಲವೆಂದೇ ಹೇಳಬಹುದು. ಆದುದರಿಂದ ಕಡಲೆಕಾಯಿ ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರೆ, ಬಾಳೆಹಣ್ಣಿನ ಮೇಲೆ ‘ಮೂಳೆ ರಹಿತ’ ಎಂದು ಬರೆದಂತೆಯೇ ಸರಿ. ಆದರೆ ಕೊಲೆಸ್ಟರಾಲ್ ಇಲ್ಲದಿರುವುದು ಒಂದು ಮಾತು, ಅದನ್ನು ಇಳಿಸುವುದು ಬೇರೊಂದು ಮಾತು. ತೆಂಗಿನ ಎಣ್ಣೆಯಲ್ಲಿ ಕೊಲೆಸ್ಟರಾಲ್ ಇಲ್ಲ. ಆದರೂ ಅದರಲ್ಲಿ ಹೇರಳವಾಗಿರುವ ಸಂತೃಪ್ತ ಕೊಬ್ಬು ರಕ್ತದಲ್ಲಿ ಎಲ್‌ಡಿಎಲನ್ನು ಏರಿಸುತ್ತದೆ. ಸಸ್ಯಗಳು ಕೊಲೆಸ್ಟರಾಲನ್ನು ಇಳಿಸುವ ಬಗೆಯನ್ನು ತಿಳಿಯಬೇಕಾದರೆ ನಾವು ಪಿತ್ತರಸದ ಪ್ರಯಾಣವನ್ನು ಅರಿಯಬೇಕು.

ಹಬ್ಬದ ದಿನದ ಎಣ್ಣೆಸ್ನಾನವನ್ನು ನೆನೆದುಕೊಳ್ಳಿ. ತಲೆಗೆ ಒತ್ತಿದ ಎಣ್ಣೆ ಬರಿಯ ನೀರಿಗೆ ಹೋಗದು. ಸೀಗೆಪುಡಿ ಹಾಕಿ ತಿಕ್ಕಿದಾಗ ಎಣ್ಣೆ ಒಡೆದು ನೀರಿನೊಡನೆ ಕಲೆತು ಹರಿದುಹೋಗುತ್ತದೆ. ನಮ್ಮ ಕರುಳಿನಲ್ಲಿ ಪಿತ್ತರಸವು ಮಾಡುವ ಕೆಲಸ ಇದೇ. ಉಂಡ ಕೊಬ್ಬನ್ನು ಅದು ಸಣ್ಣ ಸಣ್ಣ ಹನಿಗಳಾಗಿ ಒಡೆದು ಜೀರ್ಣಕ್ಕೆ ಅಣಿಗೊಳಿಸುತ್ತದೆ. ಆದರೆ ನಾವು ಸೀಗೆಪುಡಿಯನ್ನು ಬಚ್ಚಲಿಗೆ ಬಿಟ್ಟುಬಿಡುವಂತೆ ದೇಹವು ಪಿತ್ತಾಮ್ಲಗಳನ್ನು ಬಿಟ್ಟುಬಿಡುವುದಿಲ್ಲ. ಮಿತವ್ಯಯಿಯಾದ ಗೃಹಿಣಿಯ ಹಾಗೆ ಅದು ಸಣ್ಣಕರುಳಿನ ಕೊನೆಯಲ್ಲಿ ಅವುಗಳನ್ನು ನೂರಕ್ಕೆ ತೊಂಬತ್ತೈದರಷ್ಟು ಹೀರಿಕೊಂಡು ಪಿತ್ತಜನಕಾಂಗಕ್ಕೆ ಹಿಂದಿರುಗಿಸುತ್ತದೆ. ದಿನಕ್ಕೆ ಹಲವು ಬಾರಿ ಈ ಚಕ್ರ ತಿರುಗುತ್ತದೆ.

ಈ ಚಕ್ರದ ನಡುವೆ ಬೆಂಡೆಕಾಯಿಯ ಲೋಳೆಯೋ ನೆನೆದ ಮೆಂತ್ಯದ ಅಂಟೋ ಬಂದು ಸೇರಿತೆನ್ನಿ. ಈ ಲೋಳೆ ಕರಗುವ ನಾರಿನ ಒಂದು ರೂಪ. ಅದು ಜೀರ್ಣವಾಗದು, ನೀರನ್ನು ಹೀರಿ, ಊದಿಕೊಂಡು, ಪಿತ್ತಾಮ್ಲಗಳನ್ನು ತನ್ನೊಳಗೆ ಸಿಕ್ಕಿಸಿಕೊಂಡು ಮಲದೊಡನೆ ಹೊರಗೊಯ್ಯುತ್ತದೆ. ಪಿತ್ತಜನಕಾಂಗಕ್ಕೆ ಹಿಂದಿರುಗಬೇಕಾದ ಬಂಡವಾಳದಲ್ಲಿ ಕೊರತೆ ಬೀಳುತ್ತದೆ. ಅದು ಹೊಸ ಪಿತ್ತಾಮ್ಲಗಳನ್ನು ತಯಾರಿಸಲೇಬೇಕು; ತಯಾರಿಸುವುದಕ್ಕೆ ಕೊಲೆಸ್ಟರಾಲ್ ಬೇಕು; ಆ ಕೊಲೆಸ್ಟರಾಲಿಗಾಗಿ ಅದು ರಕ್ತದಲ್ಲಿರುವ ಎಲ್‌ಡಿಎಲನ್ನು ಸೆಳೆದುಕೊಳ್ಳುತ್ತದೆ. ಹೀಗೆ ರಕ್ತದಲ್ಲಿ ಅದರ ಪ್ರಮಾಣ ಇಳಿಯುತ್ತದೆ. ಸಸ್ಯಗಳಲ್ಲಿ ಇನ್ನೊಂದು ಉಪಾಯವೂ ಉಂಟು. ಎಳ್ಳು, ಕಡಲೆಕಾಯಿ, ತೌಡಿನ ಎಣ್ಣೆ ಮೊದಲಾದವುಗಳಲ್ಲಿ ಸ್ಟೆರಾಲ್ ಎಂಬ ವಸ್ತುಗಳಿವೆ. ಇವು ರಚನೆಯಲ್ಲಿ ಕೊಲೆಸ್ಟರಾಲಿನ ದಾಯಾದಿಗಳು. ಕರುಳಿನಲ್ಲಿ ಕೊಲೆಸ್ಟರಾಲ್ ಒಳಕ್ಕೆ ಹೋಗುವ ದಾರಿಯಲ್ಲಿ ಇವೂ ನುಗ್ಗಿ ಅದರ ಸ್ಥಳವನ್ನು ಆಕ್ರಮಿಸುವುದರಿಂದ ಕೊಲೆಸ್ಟರಾಲ್ ಒಳಸೇರುವುದು ಕಡಿಮೆಯಾಗುತ್ತದೆ.

ಇದು ಕೇವಲ ಊಹೆಯಲ್ಲ. ಮನುಷ್ಯರಲ್ಲಿಯೇ ಅಳೆದು ನೋಡಿದ ಸಂಗತಿ. ಓಟ್ಸ್ ಧಾನ್ಯದ ಕರಗುವ ನಾರನ್ನು ದಿನಕ್ಕೆ 3 ಗ್ರಾಮಿನಂತೆ ತೆಗೆದುಕೊಂಡರೆ ಕೊಲೆಸ್ಟರಾಲ್ ಇಳಿಯುವುದೆಂಬುದನ್ನು ಅಮೆರಿಕದ ಸರ್ಕಾರ 1997ರಲ್ಲಿಯೇ ಒಪ್ಪಿಕೊಂಡಿತು. ನಮ್ಮ ಊಟಕ್ಕೆ ಇನ್ನೂ ಹತ್ತಿರವಾದುದು ಕಾಳುಗಳ ವಿಚಾರ. ಕೆನಡಾದ ಸಂಶೋಧಕರು 26 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ದಿನಕ್ಕೆ ಸುಮಾರು 130 ಗ್ರಾಂ ಬೇಯಿಸಿದ ಕಾಳನ್ನು ತಿಂದವರಲ್ಲಿ ಎಲ್‌ಡಿಎಲ್ ನೂರಕ್ಕೆ ಐದರಷ್ಟು ಇಳಿದಿತ್ತು. ಬೇಯಿಸಿದ ಕಾಳು 130 ಗ್ರಾಂ ಎಂದರೆ ಒಂದು ಬಟ್ಟಲಿನಷ್ಟು ಉಸಲಿ. ಹುರುಳಿ, ಅವರೆ, ಕಡಲೆ, ಅಲಸಂದೆ, ಹೆಸರು – ಇವು ನಮ್ಮ ರಾಗಿಮುದ್ದೆಯ ಹಳೆಯ ಜೊತೆಗಾರರು. ಬಡವರ ಊಟವೆಂದು ನಾವು ಕಡೆಗಣಿಸಿದ ತಟ್ಟೆಯಲ್ಲಿ ಇಷ್ಟೊಂದು ಗುಣ ಅಡಗಿತ್ತು.

ಕೆನಡಾದ ಟೊರಾಂಟೋ ನಗರದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ಕೊಲೆಸ್ಟರಾಲ್ ಹೆಚ್ಚಾಗಿದ್ದ 46 ಮಂದಿಯನ್ನು ಅವರು ಮೂರು ಗುಂಪುಗಳನ್ನಾಗಿ ಮಾಡಿದರು. ಒಂದು ಗುಂಪಿಗೆ ಕೊಬ್ಬು ಕಡಿಮೆಯಾದ ಊಟ. ಎರಡನೆಯದಕ್ಕೆ ಅದೇ ಊಟದ ಜೊತೆಗೆ ಕೊಲೆಸ್ಟರಾಲ್ ಇಳಿಸುವ ಮಾತ್ರೆ. ಮೂರನೆಯದಕ್ಕೆ ಸೋಯಾ, ಬಾದಾಮಿ, ಸಸ್ಯ ಸ್ಟೆರಾಲ್, ಓಟ್ಸ್, ಬಾರ್ಲಿ ಮತ್ತು ನಮ್ಮ ಬೆಂಡೆ ಬದನೆಗಳನ್ನು ಒಟ್ಟುಗೂಡಿಸಿದ ಊಟ. ಒಂದು ತಿಂಗಳಿನ ಕೊನೆಗೆ ಎಲ್‌ಡಿಎಲ್ ಮೊದಲನೆಯ ಗುಂಪಿನಲ್ಲಿ ಶೇಕಡ 8ರಷ್ಟು, ಎರಡನೆಯದರಲ್ಲಿ ಶೇಕಡ 30.9ರಷ್ಟು, ಮೂರನೆಯದರಲ್ಲಿ ಶೇಕಡ 28.6ರಷ್ಟು ಇಳಿದಿತ್ತು. ಈ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಆದರೆ ಆ ಮೂವತ್ತು ದಿನಗಳ ಊಟವನ್ನು ಪ್ರಯೋಗಶಾಲೆಯವರೇ ತೂಗಿ ಒದಗಿಸಿದ್ದರು. ಅದೇ ಬಗೆಯ ಊಟವನ್ನು ಜನ ತಮ್ಮ ತಮ್ಮ ಮನೆಗಳಲ್ಲಿ ಆರು ತಿಂಗಳು ನಡೆಸಿದಾಗ ಇಳಿಕೆ ಶೇಕಡ 13ರ ಆಸುಪಾಸಿನಲ್ಲಿ ನಿಂತಿತು ಎಂಬುದು 2011ರಲ್ಲಿ ತಿಳಿಯಿತು. ಆಹಾರದಲ್ಲಿ ಶಕ್ತಿಯಿದೆ; ಅದನ್ನು ಬಿಡದೆ ನಡೆಸುವ ಶಕ್ತಿ ನಮ್ಮಲ್ಲಿ ಕಡಿಮೆ ಎಂಬುದು ಇದರಿಂದ ವಿದಿತವಾಗುತ್ತದೆ.

ಈಗ ಸಾಂಬಾರ ಪದಾರ್ಥಗಳ ಕಡೆಗೆ ಬರೋಣ. ಈ ಕತೆಯ ಒಂದು ಮುಖ್ಯ ಅಧ್ಯಾಯ ನಮ್ಮ ಮೈಸೂರಿನಲ್ಲಿಯೇ ನಡೆಯಿತು. ಅಲ್ಲಿಯ ಚೆಲುವಾಂಬಾ ಭವನದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಪ್ರಾರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದಿದ್ದ ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ನಮ್ಮ ಜನ ದಿನವೂ ಉಣ್ಣುವ ಸಾಂಬಾರ ಪದಾರ್ಥಗಳು ದೇಹದಲ್ಲಿ ಏನು ಮಾಡುತ್ತವೆ ಎಂಬುದನ್ನು ಅಲ್ಲಿಯ ವಿಜ್ಞಾನಿಗಳು ದಶಕಗಳ ಕಾಲ ತಾಳ್ಮೆಯಿಂದ ಶೋಧಿಸಿದರು. ಅರಿಶಿನಕ್ಕೆ ಹಳದಿ ಬಣ್ಣವನ್ನು ಕೊಡುವ ವಸ್ತು ಕರ್ಕ್ಯುಮಿನ್. ಸುಬ್ಬರಾವ್, ಚಂದ್ರಶೇಖರ, ಸತ್ಯನಾರಾಯಣ ಮತ್ತು ಶ್ರೀನಿವಾಸನ್ ಎಂಬ ನಾಲ್ವರು ಸಂಶೋಧಕರು ಇಲಿಗಳಿಗೆ ಕೊಲೆಸ್ಟರಾಲ್ ಬೆರೆಸಿದ ಆಹಾರವನ್ನು ಕೊಟ್ಟು, ಕೆಲವಕ್ಕೆ ಅದರೊಡನೆ ಕರ್ಕ್ಯುಮಿನನ್ನೂ ಕೊಟ್ಟರು. ಕರ್ಕ್ಯುಮಿನ್ ತಿಂದ ಇಲಿಗಳ ರಕ್ತದಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಕೊಲೆಸ್ಟರಾಲ್ ಉಳಿದವುಗಳಿಗಿಂತ ಅರ್ಧದಷ್ಟಕ್ಕೋ ಅದಕ್ಕಿಂತ ಕೆಳಕ್ಕೋ ನಿಂತಿತು. ಮಲದಲ್ಲಿ ಪಿತ್ತಾಮ್ಲಗಳು ಹೆಚ್ಚಾಗಿ ಹೊರಬಿದ್ದವು. ಇದು ಪ್ರಕಟವಾದದ್ದು 1970ರಲ್ಲಿ. ಅರಿಶಿನದ ಮೇಲೆ ಇಂದು ಜಗತ್ತಿನ ನಾನಾ ದೇಶಗಳಲ್ಲಿ ನಡೆಯುತ್ತಿರುವ ಸಂಶೋಧನೆಗೆ ಮೈಸೂರಿನ ಈ ಕೆಲಸ ಹಿರಿಯಣ್ಣನಿದ್ದಂತೆ.

ಇದನ್ನು ಓದಿದೊಡನೆ ‘ಹಾಗಾದರೆ ಸಾರಿಗೆ ಚಿಟಿಕೆ ಅರಿಶಿನ ಹಾಕಿದರೆ ಸಾಕು’ ಎಂದು ನಿರ್ಣಯಿಸಬಾರದು. ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ಸಾವಿರ ಗ್ರಾಂ ಆಹಾರಕ್ಕೆ ಒಂದು ಗ್ರಾಂ ಕರ್ಕ್ಯುಮಿನ್ ಬೇಕು ಎಂದಿಟ್ಟುಕೊಳ್ಳಿ. ಒಬ್ಬ ಮನುಷ್ಯ ದಿನಕ್ಕೆ ನೀರಿನ ಅಂಶವನ್ನು ಕಳೆದು ಅರ್ಧ ಕಿಲೋಗ್ರಾಂ ಆಹಾರವನ್ನು ಉಣ್ಣುವನೆಂದರೆ ಅವನಿಗೆ ಬೇಕಾದುದು ಅರ್ಧ ಗ್ರಾಂ ಕರ್ಕ್ಯುಮಿನ್. ನೂರು ಗ್ರಾಂ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಮೂರು ಗ್ರಾಂ. ಅಂದಮೇಲೆ ದಿನಕ್ಕೆ ಹದಿನಾರು ಹದಿನೇಳು ಗ್ರಾಂ ಅರಿಶಿನವನ್ನು, ಅಂದರೆ ಮೂರು ನಾಲ್ಕು ಚಮಚೆಯಷ್ಟನ್ನು, ತಿನ್ನಬೇಕಾಗುತ್ತದೆ. ಅಷ್ಟು ಅರಿಶಿನ ಬಿದ್ದ ಸಾರನ್ನು ಉಣ್ಣುವವರಾರು? ಮೇಲಾಗಿ ಕರ್ಕ್ಯುಮಿನ್ ನಮ್ಮ ರಕ್ತಕ್ಕೆ ಬಹಳ ಸ್ವಲ್ಪವಾಗಿ ಮಾತ್ರ ಸೇರುತ್ತದೆ. ಇಲಿಯ ದೇಹವೂ ಮನುಷ್ಯನ ದೇಹವೂ ಒಂದೇ ಅಲ್ಲ ಎಂಬ ಮಾತಂತೂ ಇದ್ದೇ ಇದೆ.

ಮೆಂತ್ಯದ ವಿಚಾರದಲ್ಲಿ ಸಾಕ್ಷ್ಯ ಇನ್ನೂ ಬಲವಾಗಿದೆ. ಮೆಂತ್ಯದ ಕಾಳಿನಲ್ಲಿ ಸುಮಾರು ಅರ್ಧಪಾಲು ನಾರು. ಅದರಲ್ಲಿ ಅಂಟಾಗುವ ನಾರು ಗಣನೀಯವಾಗಿದೆ. ಕಹಿಯ ಜೊತೆಗೆ ಸಪೋನಿನ್ ಎಂಬ ನೊರೆಗಟ್ಟುವ ವಸ್ತುಗಳೂ ಇವೆ. ಸೀಗೆಕಾಯಿಯ ನೊರೆಗೂ ಇಂಥವೇ ಕಾರಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಆರ್. ಡಿ. ಶರ್ಮಾ ಮತ್ತು ಸಂಗಡಿಗರು ಮಧುಮೇಹಿಗಳಿಗೆ ಮೆಂತ್ಯವನ್ನು ಕೊಟ್ಟು ಪರೀಕ್ಷಿಸಿ 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರಕ್ತದ ಸಕ್ಕರೆಯೊಡನೆ ಕೊಲೆಸ್ಟರಾಲೂ ಇಳಿದಿತ್ತು. ಆದರೆ ಅವರು ಕೊಟ್ಟ ಪ್ರಮಾಣವೆಷ್ಟು? ಎಣ್ಣೆಯನ್ನೂ ಕಹಿಯನ್ನೂ ತೆಗೆದ ಮೆಂತ್ಯದ ಪುಡಿ ದಿನಕ್ಕೆ 100 ಗ್ರಾಂ! ನಮ್ಮ ಒಗ್ಗರಣೆಗೆ ಬೀಳುವ ಮೆಂತ್ಯ ಒಂದು ಗ್ರಾಮೂ ಆಗದು. ಚಮಚೆಯ ತುಂಬ ನೆನೆಸಿಟ್ಟರೂ ನಾಲ್ಕೈದು ಗ್ರಾಂ. ಅದರ ಕಾಳನ್ನು ಎಸೆದು ನೀರನ್ನು ಮಾತ್ರ ಕುಡಿದರೆ ನಾರಿನ ಬಹುಪಾಲು ಎಸೆದ ಕಾಳಿನಲ್ಲಿಯೇ ಉಳಿಯುತ್ತದೆ. ನಮ್ಮ ಹಿರಿಯರು ಬಾಣಂತಿಯರಿಗೆ ಮಾಡಿಕೊಡುತ್ತಿದ್ದ ಮೆಂತ್ಯದ ಮುದ್ದೆ, ಮನೆಮನೆಯ ಮೆಂತ್ಯದ ಹಿಟ್ಟು, ಮೆಂತ್ಯದ ದೋಸೆ – ಇವುಗಳಲ್ಲಾದರೋ ಕಾಳು ಇಡಿಯಾಗಿ ಹೊಟ್ಟೆಗೆ ಸೇರುತ್ತದೆ. ಮೆಂತ್ಯದ ನೀರನ್ನು ಹೊಗಳಿದ ನನಗೆ ಈ ವ್ಯತ್ಯಾಸ ಅಂದು ತಿಳಿದಿರಲಿಲ್ಲ.

ಬೆಳ್ಳುಳ್ಳಿಯ ಕತೆ ನಮಗೆ ಬೇರೊಂದು ಪಾಠವನ್ನು ಕಲಿಸುತ್ತದೆ. ಪುಣೆಯ ಸಾಯಿನಾನಿ ಮತ್ತು ಸಂಗಡಿಗರು ಜೈನ ಸಮುದಾಯದವರಲ್ಲಿ ಈರುಳ್ಳಿ ಬೆಳ್ಳುಳ್ಳಿಗಳನ್ನು ಧಾರಾಳವಾಗಿ ತಿನ್ನುವವರು, ಸ್ವಲ್ಪ ತಿನ್ನುವವರು, ಮುಟ್ಟದವರು ಎಂಬ ಮೂರು ಗುಂಪುಗಳನ್ನು ಹೋಲಿಸಿ ನೋಡಿ 1979ರಲ್ಲಿ ಪ್ರಕಟಿಸಿದರು. ತಿನ್ನುವವರ ಕೊಲೆಸ್ಟರಾಲ್ ಕಡಿಮೆಯಿತ್ತು. ಬೆಳ್ಳುಳ್ಳಿಯ ಕೀರ್ತಿ ಜಗತ್ತಿನಲ್ಲೆಲ್ಲ ಹರಡಿತು. ಅದರ ಮಾತ್ರೆಗಳೂ ಮಾರಾಟಕ್ಕೆ ಬಂದವು. ಆಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 192 ಮಂದಿಯನ್ನು ಆರಿಸಿಕೊಂಡು, ಕೆಲವರಿಗೆ ಹಸಿಯ ಬೆಳ್ಳುಳ್ಳಿ, ಕೆಲವರಿಗೆ ಎರಡು ಬಗೆಯ ಬೆಳ್ಳುಳ್ಳಿ ಮಾತ್ರೆಗಳು, ಉಳಿದವರಿಗೆ ಬೆಳ್ಳುಳ್ಳಿಯೇ ಇಲ್ಲದ ಹುಸಿಮಾತ್ರೆ ಹೀಗೆ ಆರು ತಿಂಗಳು ಕೊಟ್ಟರು. ಯಾವ ಗುಂಪಿನಲ್ಲಿಯೂ ಎಲ್‌ಡಿಎಲ್ ಗಮನಾರ್ಹವಾಗಿ ಇಳಿಯಲಿಲ್ಲವೆಂದು 2007ರಲ್ಲಿ ಸಾರಿದರು. ಬೇರೆ ಕೆಲವು ಪ್ರಯೋಗಗಳಲ್ಲಿ ಅಲ್ಪಸ್ವಲ್ಪ ಇಳಿಕೆ ಕಂಡದ್ದೂ ಉಂಟು. ಬೆಳ್ಳುಳ್ಳಿ ತಿನ್ನುವವರು ತಿನ್ನದವರಿಗಿಂತ ಇನ್ನೂ ಹತ್ತು ವಿಷಯಗಳಲ್ಲಿ ಬೇರೆಯಾಗಿರಬಹುದು. ತುಪ್ಪ, ಸಿಹಿ, ದುಡಿಮೆ, ನಡಿಗೆ – ಯಾವುದರ ಫಲ ಯಾವುದೆಂದು ಬೇರ್ಪಡಿಸುವುದು ಹೇಗೆ? ಬೇರ್ಪಡಿಸಬೇಕಾದರೆ ಸಮಾನರಾದ ಎರಡು ಗುಂಪುಗಳನ್ನು ಮಾಡಿ, ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಬೇಕು.

ಗುಗ್ಗುಳದ ಕತೆಯೂ ಇದೇ ಬಗೆಯದು. ಧೂಪಕ್ಕೆ ಹಾಕುವ ಈ ಅಂಟು ಮೇದಸ್ಸಿನ ರೋಗಕ್ಕೆ ಮದ್ದೆಂದು ಸುಶ್ರುತ ಸಂಹಿತೆಯಲ್ಲಿದೆ. ಆ ಮಾತಿನ ಜಾಡನ್ನು ಹಿಡಿದು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಿ. ವಿ. ಸತ್ಯವತಿಯವರು ಮೊಲಗಳ ಮೇಲೆ ಪ್ರಯೋಗ ನಡೆಸಿ 1966ರಲ್ಲಿ ಪ್ರಬಂಧವನ್ನು ಒಪ್ಪಿಸಿದರು. ಗುಗ್ಗುಳ ಕೊಲೆಸ್ಟರಾಲನ್ನು ಇಳಿಸಿತ್ತು. ಹಳೆಯ ಗ್ರಂಥದ ಮಾತನ್ನು ಹೊಸ ಪ್ರಯೋಗದಿಂದ ಪರೀಕ್ಷಿಸಿದ ಈ ಕೆಲಸ ಆದರಣೀಯವಾದುದು. ಮುಂದೆ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದರು. ಗುಗ್ಗುಳದಿಂದ ನಮ್ಮ ದೇಶದಲ್ಲಿ ಔಷಧವೂ ತಯಾರಾಯಿತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ ಎಂಟು ವಾರ ನಡೆದ ಪ್ರಯೋಗದಲ್ಲಿ ಎಲ್‌ಡಿಎಲ್ ಇಳಿಯುವುದಿರಲಿ, ಕೊಂಚ ಏರಿತು. ವಿಜ್ಞಾನದಲ್ಲಿ ಯಾವ ಮಾತೂ ಅದನ್ನು ಆಡಿದವರ ಗೌರವದಿಂದ ನಿಲ್ಲುವುದಿಲ್ಲ. ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿದಾಗ ನಿಂತರೆ ಮಾತ್ರ ನಿಲ್ಲುತ್ತದೆ.

ಇನ್ನು ಮಾತ್ರೆಯ ವಿಚಾರ. ಮಾತ್ರೆಯೆಂದರೆ ಕೃತಕ, ಮೆಂತ್ಯವೆಂದರೆ ಸಹಜ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇಂದು ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ವರ್ಗದ ಔಷಧಗಳ ಮೂಲಪುರುಷ ಯಾವುದೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಜಪಾನಿನ ಅಕಿರಾ ಎಂಡೋ 6000ಕ್ಕೂ ಹೆಚ್ಚು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೊನೆಗೆ ಕ್ಯೋಟೋ ನಗರದ ಧಾನ್ಯದ ಅಂಗಡಿಯೊಂದರ ಅಕ್ಕಿಯಲ್ಲಿದ್ದ ಬೂಷ್ಟಿನಿಂದ 1973ರಲ್ಲಿ ಅದನ್ನು ಕಂಡುಹಿಡಿದನು. ಪಿತ್ತಜನಕಾಂಗ ಕೊಲೆಸ್ಟರಾಲನ್ನು ತಯಾರಿಸುವ ಹೆಜ್ಜೆಯನ್ನೇ ಅದು ತಡೆಯುತ್ತದೆ. ಈ ವರ್ಗದ ಮೊದಲ ಔಷಧ 1987ರಲ್ಲಿ ಬಳಕೆಗೆ ಬಂದಿತು. ಯೂರೋಪಿನ ಉತ್ತರ ದೇಶಗಳಲ್ಲಿ 4444 ಹೃದ್ರೋಗಿಗಳ ಮೇಲೆ ಐದು ವರ್ಷಗಳಿಗೂ ಮೀರಿ ನಡೆದ ಪ್ರಯೋಗದ ಫಲ 1994ರಲ್ಲಿ ಹೊರಬಂದಾಗ, ಔಷಧವನ್ನು ಪಡೆದವರಲ್ಲಿ ಸಾವು ಶೇಕಡ 30ರಷ್ಟು ಕಡಿಮೆಯಾಗಿತ್ತು. ಇಲ್ಲಿ ಇಳಿದದ್ದು ಕೊಲೆಸ್ಟರಾಲಿನ ಅಂಕಿ ಮಾತ್ರವಲ್ಲ; ಉಳಿದದ್ದು ಪ್ರಾಣ. ಮೆಂತ್ಯಕ್ಕೋ ಬೆಳ್ಳುಳ್ಳಿಗೋ ಇಂಥ ಸಾಕ್ಷ್ಯ ಇದುವರೆಗೆ ದೊರೆತಿಲ್ಲ.

ನಮ್ಮ ಬೀದಿಯ ಹಿರಿಯರ ಮಾತಿಗೆ ಮರಳುತ್ತೇನೆ. ಮಾತ್ರೆಯನ್ನು ಬಿಟ್ಟು ಒಂದು ವರ್ಷ ಅವರು ಲವಲವಿಕೆಯಿಂದಲೇ ಇದ್ದರು. ನೋವಿಲ್ಲದ ರೋಗವಾದುದರಿಂದ ಮತ್ತೆ ರಕ್ತಪರೀಕ್ಷೆ ಮಾಡಿಸಬೇಕೆಂದು ಅವರಿಗೂ ತೋರಲಿಲ್ಲ, ನಮಗೂ ತೋರಲಿಲ್ಲ. ಒಂದು ಬೆಳಗಿನ ಜಾವ ಎದೆಹಿಡಿದುಕೊಂಡು ಕುಸಿದರು. ಮನೆಯವರು ಸಕಾಲಕ್ಕೆ ಆಸ್ಪತ್ರೆಗೆ ಸೇರಿಸಿದ್ದರಿಂದ ಬದುಕಿಕೊಂಡರು. ಮಾತ್ರೆಯನ್ನು ಬಿಟ್ಟದ್ದೇ ಕಾರಣವೆಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಅಂದು ಅವರ ಕೊಲೆಸ್ಟರಾಲ್ ಮತ್ತೆ 270ನ್ನು ದಾಟಿತ್ತು. ನಾನು ನೋಡಲು ಹೋದಾಗ ಅವರು ನನ್ನನ್ನು ಆಕ್ಷೇಪಿಸಲಿಲ್ಲ. ‘ಮೇಷ್ಟರೆ, ಮೆಂತ್ಯದ ತಪ್ಪಿಲ್ಲ, ನಾವು ಅದರ ಮೇಲೆ ಹೊರಲಾರದ ಹೊರೆ ಹೊರಿಸಿದೆವು’ ಎಂದರು. ಆ ಮಾತು ನನ್ನ ಮನಸ್ಸಿನಿಂದ ಇನ್ನೂ ಮರೆಯಾಗಿಲ್ಲ. ಈಗ ಅವರು ರಾತ್ರಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ, ಬೆಳಗ್ಗೆ ಮೆಂತ್ಯದ ದೋಸೆಯನ್ನೂ ತಿನ್ನುತ್ತಾರೆ. ಶೇಕಡ ಐದು ಹತ್ತರಷ್ಟು ಇಳಿಸುವ ಕೆಲಸವನ್ನು ಅಡುಗೆಮನೆ ಮಾಡಬಲ್ಲುದು. ಹುಟ್ಟಿನಿಂದಲೇ ಎಲ್‌ಡಿಎಲನ್ನು ಸೆಳೆದುಕೊಳ್ಳುವ ಶಕ್ತಿ ಕುಂದಿರುವ ಕುಟುಂಬಗಳೂ ಇವೆ. ಈ ರಹಸ್ಯವನ್ನು ಬಿಡಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಅಂಥವರಿಗೆ ಔಷಧ ಅನಿವಾರ್ಯ. ಯಾರಿಗೆ ಊಟವೊಂದೇ ಸಾಕು, ಯಾರಿಗೆ ಔಷಧವೂ ಬೇಕು ಎಂಬುದನ್ನು ನಿರ್ಣಯಿಸುವ ಸ್ಥಳ ಉದ್ಯಾನದ ಕಲ್ಲುಬೆಂಚಲ್ಲ.

ಮಸಾಲೆ ಯಾವುದರ ಬೆನ್ನೇರಿ ನಮ್ಮ ಹೊಟ್ಟೆಯನ್ನು ಸೇರುತ್ತದೆ ಎಂಬುದನ್ನೂ ಗಮನಿಸಬೇಕು. ಮೆಂತ್ಯದ ಸೊಪ್ಪನ್ನು ಪಲ್ಯಕ್ಕೆ ಹಾಕುವುದು ಬೇರೆ, ವನಸ್ಪತಿಯಲ್ಲಿ ಕರಿದ ಪೂರಿಗೆ ಹಾಕುವುದು ಬೇರೆ. ವನಸ್ಪತಿಯಂಥ ಗಟ್ಟಿಮಾಡಿದ ಎಣ್ಣೆಗಳಲ್ಲಿರುತ್ತಿದ್ದ ಟ್ರಾನ್ಸ್ ಕೊಬ್ಬು ಎಲ್‌ಡಿಎಲನ್ನು ಏರಿಸಿ ಎಚ್‌ಡಿಎಲನ್ನು ಇಳಿಸುತ್ತದೆ. 2022ರಿಂದ ನಮ್ಮ ದೇಶದಲ್ಲಿ ಅದು ಕೊಬ್ಬಿನ ಶೇಕಡ 2ನ್ನು ಮೀರಬಾರದೆಂದು ಕಟ್ಟಳೆಯಾಗಿದೆ. ಕಾಳು ತರಕಾರಿಗಳ ಒಳ್ಳೆಯ ಕೆಲಸವನ್ನು ನಾವು ಕರಿಯುವ ಬಾಣಲೆಯಲ್ಲಿ ಹಾಳುಮಾಡಿಕೊಳ್ಳಬಾರದು.

ಮಕ್ಕಳೇ, ನಿಮ್ಮ ವಯಸ್ಸಿನಲ್ಲಿ ಇದೆಲ್ಲ ಅಜ್ಜ ಅಜ್ಜಿಯರ ಚಿಂತೆಯೆಂದು ತೋರಬಹುದು. ಆದರೆ ಅಪಧಮನಿಯ ಗೋಡೆಯಲ್ಲಿ ಕೊಬ್ಬಿನ ಮೊದಲ ಗೆರೆಗಳು ಮೂಡುವುದು ಎಳೆಯ ವಯಸ್ಸಿನಲ್ಲಿಯೇ. ನಾಳೆ ಯಾರಾದರೂ ನಿಮ್ಮ ಮನೆಗೆ ಬಂದು ಇಂಥ ಸೊಪ್ಪು ಇಂಥ ರೋಗವನ್ನು ನೀಗುತ್ತದೆ ಎಂದರೆ, ನಗಬೇಡಿ, ನಂಬಿಬಿಡಲೂ ಬೇಡಿ. ಇಲಿಯಲ್ಲಿ ಕಂಡದ್ದೋ ಮನುಷ್ಯನಲ್ಲಿ ಕಂಡದ್ದೋ? ಎಷ್ಟು ತಿಂದಾಗ ಕಂಡದ್ದು? ತಿನ್ನದವರೊಡನೆ ಹೋಲಿಸಿ ನೋಡಿದ್ದಾರೆಯೆ? ಇಳಿಕೆ ಎಷ್ಟು, ಎಷ್ಟು ಕಾಲ ನಿಂತಿತು? ಈ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಿ. ನಿಮ್ಮ ಮನೆಯಲ್ಲಿ ಹಿರಿಯರು ಯಾವುದಾದರೂ ಮಾತ್ರೆಯನ್ನು ನುಂಗುತ್ತಿದ್ದರೆ, ವೈದ್ಯರನ್ನು ಕೇಳದೆ ನಿಲ್ಲಿಸದಂತೆ ನೋಡಿಕೊಳ್ಳಿ. ಅದರ ಜೊತೆಗೆ ತಟ್ಟೆಯಲ್ಲಿ ಒಂದು ಬಟ್ಟಲು ಹುರುಳಿಯ ಉಸಲಿಗೋ ಬೆಂಡೆಯ ಪಲ್ಯಕ್ಕೋ ಜಾಗವಿರಲಿ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದ ಹಿರಿಯರು ‘ಊಟ ಉಳ್ಳವನಿಗೆ’ ಎನ್ನಲಿಲ್ಲ, ‘ಬಲ್ಲವನಿಗೆ’ ಎಂದರು. ಆ ಬಲ್ಲತನಕ್ಕೆ ಅಜ್ಜಿಯ ಅಡುಗೆಮನೆಯೂ ಬೇಕು, ಮೈಸೂರಿನ ಪ್ರಯೋಗಶಾಲೆಯೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವನು ನಾನಾಗಿದ್ದೆ. ನೀವು ಎರಡನ್ನೂ ಹಿಡಿದುಕೊಳ್ಳಿರಿ.